ಸಣ್ಣ ಊರಿನ ಪ್ರವಾಸೋದ್ಯಮ ಮಂಡಳಿ: ಕೈಯಲ್ಲಿರುವ ಹಣದಲ್ಲಿ ಮೊದಲು ಮಾಡಬೇಕಾದ್ದು ಏನು?

ಪ್ರಚಾರದ ಮೇಜು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಊರಿನ ಪ್ರವಾಸೋದ್ಯಮ ಮಂಡಳಿಯಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ಯಾವ ಊರು ಅನ್ನುವುದು ಮುಖ್ಯ ಅಲ್ಲ, ಇಂಥ ಊರುಗಳು ಎಲ್ಲ ಕಡೆ ಇವೆ. ನೋಡಲು ಮೂರು ನಾಲ್ಕು ಒಳ್ಳೆಯ ಜಾಗ ಇವೆ. ಜನ ಬೆಳಗ್ಗೆ ಬಂದು ಸಂಜೆ ಹೊರಟುಬಿಡುತ್ತಾರೆ. ಕಚೇರಿಯಲ್ಲಿ ನಾವಿರುವುದು ಮೂರೇ ಜನ.

ಈ ವರ್ಷದ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಸ ಲೋಗೊ, ಒಂದು ಘೋಷವಾಕ್ಯ ಮತ್ತು ಎರಡು ನಿಮಿಷದ ಡ್ರೋನ್ ವಿಡಿಯೊಗೆ ಇಡಬೇಕು ಅಂತ ಸಭೆಯಲ್ಲಿ ಮಾತಾಗಿದೆ. ಮೊದಲು ಊರಿಗೊಂದು ಗುರುತು ಬೇಕು, ಉಳಿದದ್ದು ಆಮೇಲೆ ಅನ್ನುವುದು ಹಿರಿಯ ಸದಸ್ಯರ ಅಭಿಪ್ರಾಯ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆದರೆ ಬದಲಿಗೆ ಏನು ಮಾಡೋಣ ಅಂತ ಕೇಳಿದರೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಮುಂದಿನ ಸಭೆಗೆ ಮೂರು ವಾರ ಇದೆ. ಈ ಕೆಲಸ ಮಾಡಿದವರೂ ಹೇಳಿ, ಇಂಥ ಪ್ರಚಾರ ನೋಡಿ ಊರಿಗೆ ಹೋದವರೂ ಹೇಳಿ.

ಗೆರೆ ಬಣ್ಣ

ಲೋಗೊ ಮಾಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ನಾನೇ ಮೊದಲು ಹೇಳಿಬಿಡುತ್ತೇನೆ.

ಈ ವಿಷಯ ಬಂದಾಗಲೆಲ್ಲ ಸಭೆಯಲ್ಲಿ ಯಾರಾದರೂ ಒಬ್ಬರು ‘ಐ ಲವ್ ನ್ಯೂಯಾರ್ಕ್’ ಅನ್ನುವ ಆ ಕೆಂಪು ಹೃದಯದ ಗುರುತನ್ನು ತೋರಿಸುತ್ತಾರೆ. ನಿಮ್ಮಲ್ಲೂ ತೋರಿಸಿರಬಹುದು. ಅದನ್ನು 1977ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಣಿಜ್ಯ ಇಲಾಖೆಗೆ ಮಿಲ್ಟನ್ ಗ್ಲೇಸರ್ ಮಾಡಿಕೊಟ್ಟರು. ಟ್ಯಾಕ್ಸಿಯಲ್ಲಿ ಕೂತಿದ್ದಾಗ ಕಾಗದದ ಚೂರಿನ ಮೇಲೆ ಕೆಂಪು ಕ್ರೇಯಾನ್‌ನಲ್ಲಿ ಗೀಚಿದ್ದು. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 1975ರಲ್ಲಿ, ನ್ಯೂಯಾರ್ಕ್ ನಗರ ದಿವಾಳಿಯಾಗುವುದರಲ್ಲಿತ್ತು. ಅಲ್ಲಿಗೆ ಹೋಗಲು ಹೊರಗಿನವರು ಹೆದರುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ನಮ್ಮೂರು ನಮಗೆ ಇಷ್ಟ ಅಂತ ಅಲ್ಲಿಯ ಜನರೇ ಹೇಳಬೇಕಾಗಿತ್ತು. ಗುರುತು ಆ ಮಾತನ್ನು ಹಿಡಿದುಕೊಟ್ಟಿತು. ಜೊತೆಗೆ ಜಾಹೀರಾತಿನಲ್ಲಿ ಬ್ರಾಡ್‌ವೇ ನಾಟಕಗಳ ಕಲಾವಿದರೇ ಬಂದು ಹಾಡಿದರು. ಅಂದರೆ, ಹೋದವರಿಗೆ ನೋಡಲು ಅಲ್ಲಿ ಏನೋ ಇತ್ತು.

ಅದೇ ಗ್ಲೇಸರ್ 2016ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯಕ್ಕೂ ಒಂದು ಲೋಗೊ ಮಾಡಿಕೊಟ್ಟರು. ಘೋಷವಾಕ್ಯ ‘ಕೂಲರ್ ಅಂಡ್ ವಾರ್ಮರ್’. ಏನು ಹೇಳುತ್ತಿದ್ದಾರೆ ಅಂತ ಆ ರಾಜ್ಯದವರಿಗೇ ತಿಳಿಯಲಿಲ್ಲ. ಜೊತೆಗೆ ಬಂದ ವಿಡಿಯೊದಲ್ಲಿ ಒಬ್ಬ ಹುಡುಗ ಸ್ಕೇಟ್‌ಬೋರ್ಡ್ ಆಡುತ್ತಾನೆ. ಅವನ ಹಿಂದೆ ಕಾಣುವ ಕಟ್ಟಡ ಐಸ್‌ಲ್ಯಾಂಡಿನ ಹಾರ್ಪಾ ಸಂಗೀತ ಸಭಾಂಗಣ! ಜನ ಅದನ್ನು ತಕ್ಷಣ ಗುರುತು ಹಿಡಿದರು. ಪ್ರಚಾರದ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ಘೋಷವಾಕ್ಯವನ್ನೂ ಕೈಬಿಟ್ಟರು.

ಎರಡೂ ಕಡೆ ಗೆರೆ ಎಳೆದವರು ಒಬ್ಬರೇ. ಹಾಗಾದರೆ ಒಂದು ಕಡೆ ಗೆಲ್ಲಿಸಿದ್ದು, ಇನ್ನೊಂದು ಕಡೆ ಸೋಲಿಸಿದ್ದು ಲೋಗೊ ಅಲ್ಲ ಅಲ್ವಾ? ಊರಿನ ಬಗ್ಗೆ ಹೇಳಲು ಒಂದು ಮಾತು ಸಿಕ್ಕಿದ ಮೇಲೆ ನನ್ನಂಥವರ ಹತ್ತಿರ ಬನ್ನಿ. ಮಾತೇ ಇಲ್ಲದೆ ಬಂದರೆ ನಾವು ಒಂದು ಬೆಟ್ಟ, ಒಂದು ಸೂರ್ಯ, ಎರಡು ಅಲೆ ಹಾಕಿ ಕೊಡುತ್ತೇವೆ. ಅಂಥದ್ದನ್ನು ನಾನೇ ಮಾಡಿದ್ದೇನೆ. ಇವತ್ತಿಗೂ ಆ ಬಗ್ಗೆ ಬೇಸರ ಇದೆ.

ಅಲೆಮಾರಿ 71

ವಿಡಿಯೊ ಬಗ್ಗೆ ಎಚ್ಚರ ಸರ್. ಫಿಲಿಪ್ಪೀನ್ಸ್ ಪ್ರವಾಸೋದ್ಯಮ ಇಲಾಖೆಗೆ 2023ರಲ್ಲಿ ಇದೇ ಆಯಿತು. ಹೊಸ ಘೋಷವಾಕ್ಯದ ಜೊತೆ ಬಂದ ವಿಡಿಯೊದಲ್ಲಿ ಇಂಡೊನೇಷ್ಯಾದ ಭತ್ತದ ಗದ್ದೆ ಇತ್ತು, ಬ್ರೆಜಿಲಿನ ಮರಳ ದಿಬ್ಬ ಇತ್ತು. ಜಾಹೀರಾತು ಸಂಸ್ಥೆ ಕ್ಷಮೆ ಕೇಳಿತು. ಇಲಾಖೆ ಒಪ್ಪಂದವನ್ನೇ ರದ್ದು ಮಾಡಿತು. ನಿಮ್ಮ ಒಪ್ಪಂದದಲ್ಲಿ ‘ಪ್ರತಿ ದೃಶ್ಯವೂ ಇದೇ ಊರಿನಲ್ಲಿ, ಈ ವರ್ಷವೇ ಚಿತ್ರಿಸಿದ್ದಾಗಿರಬೇಕು’ ಅಂತ ಒಂದು ಸಾಲು ಬರೆಸಿ.

ಗೈಡ್ ಅಕ್ಕ

ಹದಿನಾಲ್ಕು ವರ್ಷದಿಂದ ಗೈಡ್ ಕೆಲಸ ಮಾಡುತ್ತಿದ್ದೇನೆ. ಒಂದು ಘಟನೆ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ಒಂದು ಮಂಗಳವಾರ ಮಧ್ಯಾಹ್ನ ವಸ್ತುಸಂಗ್ರಹಾಲಯದ ಗೇಟಿನ ಮುಂದೆ ಒಂದು ಕುಟುಂಬ ನಿಂತಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೆ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ. ಆರು ಗಂಟೆ ಪ್ರಯಾಣ ಮಾಡಿ ಬಂದಿದ್ದರು. ಗೇಟಿಗೆ ಬೀಗ. ಮಂಗಳವಾರ ಅಲ್ಲಿ ವಾರದ ರಜೆ. ಮಗ ಫೋನ್ ತೆಗೆದು ನನಗೆ ತೋರಿಸಿದರು. ಮಂಡಳಿಯದೇ ಪುಟ. ‘ಪ್ರತಿದಿನ ತೆರೆದಿರುತ್ತದೆ’ ಅಂತ ಬರೆದಿತ್ತು. ಅದರ ಮೇಲೆ ತುಂಬಾ ಚೆಂದದ ಒಂದು ಫೋಟೊ. ಅಜ್ಜಿ ಗೇಟಿನ ಸರಳು ಹಿಡಿದುಕೊಂಡು ಒಳಗೆ ಇಣುಕಿ ನೋಡುತ್ತಿದ್ದರು. ಚಿಕ್ಕವರಿದ್ದಾಗ ಒಮ್ಮೆ ಬಂದಿದ್ದರಂತೆ, ಒಳಗಿನ ಒಂದು ಕಂಬದ ನೆನಪು ಇತ್ತಂತೆ. ಬೀಗದ ಕೈ ಇದ್ದವರಿಗೆ ನಾನು ನಾಲ್ಕು ಸಲ ಫೋನ್ ಮಾಡಿದೆ. ಅವರು ಊರಲ್ಲಿರಲಿಲ್ಲ.

ಆ ಮನೆಯವರು ಇನ್ನೆಂದೂ ಬರುವುದಿಲ್ಲ. ಅವರನ್ನು ಅಲ್ಲಿಗೆ ಕರೆತಂದದ್ದು ಪ್ರಚಾರವೇ. ಪ್ರಚಾರ ಚೆನ್ನಾಗಿ ಕೆಲಸ ಮಾಡಿತ್ತು. ಅದಕ್ಕೇ ಹೊಟ್ಟೆ ಉರಿಯುತ್ತದೆ ನನಗೆ.

ದಯವಿಟ್ಟು ನಿಮ್ಮ ಪುಟದಲ್ಲಿ ಇರುವ ಪ್ರತಿ ಸಮಯ, ಪ್ರತಿ ರಜೆ, ಪ್ರತಿ ಫೋನ್ ನಂಬರು ಸರಿಯಾಗಿದೆಯಾ ಅಂತ ಮೊದಲು ನೋಡಿ. ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ, ಎಷ್ಟು ಮೆಟ್ಟಿಲು ಇವೆ, ಶೌಚಾಲಯ ಎಲ್ಲಿದೆ, ಇದನ್ನೂ ಬರೆಯಿರಿ. ಇಂಥ ವಿವರ ಹಾಕುವ ಮಂಡಳಿಗಳನ್ನು ನಾನು ಕಂಡಿದ್ದು ಕಡಿಮೆ.

ಪ್ರಚಾರದ ಮೇಜು

ಅಕ್ಕ, ನಿಮ್ಮ ಮಾತು ಓದಿ ಮೊದಲು ನಮ್ಮ ಪುಟ ತೆಗೆದು ನೋಡಿದೆ. ಹದಿನೆಂಟು ಜಾಗಗಳ ಮಾಹಿತಿ ಇದೆ. ಐದು ಕಡೆ ಸಮಯ ತಪ್ಪು. ಎರಡು ಫೋನ್ ನಂಬರು ಕೆಲಸ ಮಾಡುತ್ತಿಲ್ಲ. ಒಂದು ದೋಣಿ ಸೇವೆ ನಿಂತೇ ಎರಡು ವರ್ಷ ಆಗಿದೆ, ನಮ್ಮ ಪುಟದಲ್ಲಿ ಇನ್ನೂ ಓಡುತ್ತಿದೆ. ಇದನ್ನು ಸರಿಮಾಡಲು ಹಣ ಬೇಕಾಗಿಲ್ಲ, ಎರಡು ದಿನ ಕೂತರೆ ಸಾಕು. ಇಷ್ಟು ದಿನ ಯಾಕೆ ಮಾಡಲಿಲ್ಲ ಅಂತ ನಾಚಿಕೆಯಾಯಿತು.

ಲಾಡ್ಜ್ ಕೀಲಿಕೈ

ಎಲ್ಲ ಒಪ್ಪಿದೆ. ಆದರೆ ಮಾತು ‘ಪ್ರಚಾರವೇ ಬೇಡ’ ಅನ್ನುವ ಕಡೆ ಹೋಗಬಾರದು. ನಾನು ಹನ್ನೆರಡು ಕೋಣೆಯ ಲಾಡ್ಜ್ ನಡೆಸುತ್ತೇನೆ. ಖಾಲಿ ಕೋಣೆಯ ಕಷ್ಟ ನನಗೆ ಗೊತ್ತು. ಎಂಟು ಜನ ಕೆಲಸದವರಿದ್ದಾರೆ, ತಿಂಗಳ ಕೊನೆಗೆ ಅವರ ಮನೆಗಳೂ ನಡೆಯಬೇಕು.

ಅಮೆರಿಕದ ಕೊಲೊರಾಡೊ ರಾಜ್ಯದವರು 1993ರಲ್ಲಿ ಪ್ರವಾಸ ಪ್ರಚಾರಕ್ಕೆ ಹೋಗುತ್ತಿದ್ದ ತೆರಿಗೆಯನ್ನು ನಿಲ್ಲಿಸಿಬಿಟ್ಟರು. ಬೆಟ್ಟಗಳು ಅಲ್ಲೇ ಇವೆ, ಜನ ತಾವಾಗೇ ಬರುತ್ತಾರೆ ಅಂದುಕೊಂಡರು. ಅಕ್ಕಪಕ್ಕದ ರಾಜ್ಯಗಳು ಪ್ರಚಾರ ಮುಂದುವರಿಸಿದವು. ಕೊಲೊರಾಡೊಗೆ ಬರುವವರ ಪಾಲು ಬೇಗ ಇಳಿಯಿತು. ಕೊನೆಗೆ 2000ದಲ್ಲಿ ಮತ್ತೆ ಪ್ರವಾಸೋದ್ಯಮ ಕಚೇರಿ ತೆರೆಯಬೇಕಾಯಿತು.

ಬೆಟ್ಟ ಇದ್ದ ಕಡೆಯೇ ಇರುತ್ತದೆ, ನಿಜ. ಆದರೆ ರಜೆಗೆ ಎಲ್ಲಿಗೆ ಹೋಗೋಣ ಅಂತ ಮನೆಯಲ್ಲಿ ಮಾತು ಬಂದಾಗ ಆ ಊರಿನ ಹೆಸರು ಯಾರಿಗಾದರೂ ನೆನಪಾಗಬೇಕು. ಹಿರಿಯ ಸದಸ್ಯರು ಗುರುತು ಬೇಕು ಅನ್ನುವುದರಲ್ಲಿ ತಪ್ಪಿಲ್ಲ. ಮಾಡುವ ಕ್ರಮ ಮಾತ್ರ ಚರ್ಚೆಯಾಗಬೇಕು.

ದ್ವೀಪದ ಗಾಳಿ

ಕೀಲಿಕೈ ಅವರು ಹೇಳಿದ್ದು ಸರಿ. ಹಣ ಕಡಿಮೆ ಇದ್ದರೂ ಹೆಸರು ಮಾಡಬಹುದು. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳು.

ಅಲ್ಲಿ ಜನ ಸುಮಾರು 50 ಸಾವಿರ. ಕುರಿಗಳು ಅದಕ್ಕಿಂತ ಜಾಸ್ತಿ. 2016ರಲ್ಲೂ ಆ ದ್ವೀಪಗಳು ಗೂಗಲ್ ಸ್ಟ್ರೀಟ್ ವ್ಯೂನಲ್ಲಿ, ಅಂದರೆ ಗೂಗಲ್ ಮ್ಯಾಪಿನಲ್ಲಿ ಬೀದಿಗಳ ಫೋಟೊ ತೋರಿಸುವ ಸೇವೆಯಲ್ಲಿ, ಇರಲಿಲ್ಲ. ಅಲ್ಲಿಯ ಪ್ರವಾಸೋದ್ಯಮ ಕಚೇರಿಯವರು ಕುರಿಯ ಬೆನ್ನಿಗೆ ಸೌರಶಕ್ತಿಯಲ್ಲಿ ಓಡುವ 360 ಡಿಗ್ರಿ ಕ್ಯಾಮೆರಾ ಕಟ್ಟಿ ಗುಡ್ಡದಲ್ಲಿ ಮೇಯಲು ಬಿಟ್ಟರು. ಕುರಿ ಹೋದ ಕಡೆಯೆಲ್ಲ ಚಿತ್ರ. ಅದನ್ನು ‘ಶೀಪ್ ವ್ಯೂ’ ಅಂತ ಹಾಕಿದರು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದೇ ವರ್ಷ ಗೂಗಲ್ ತನ್ನ ಕ್ಯಾಮೆರಾಗಳನ್ನು ಕಳಿಸಿತು.

ಇದರಲ್ಲಿ ನನಗೆ ಹಿಡಿಸಿದ್ದು ಒಂದು ವಿಷಯ. ಕುರಿ ಅಲ್ಲಿಯದು, ಗುಡ್ಡ ಅಲ್ಲಿಯದು, ಗಾಳಿಗೆ ಅಲುಗಾಡುವ ಆ ಚಿತ್ರವೂ ಅಲ್ಲಿಯದೇ. ಫಾರೋ ಅನ್ನುವ ಹೆಸರಿಗೇ ಕುರಿಗಳ ದ್ವೀಪ ಅಂತ ಅರ್ಥ ಹೇಳುತ್ತಾರೆ. ಬೇರೆ ಯಾವ ಊರಿನವರೂ ಇದನ್ನು ನಕಲು ಮಾಡಿ ತಮ್ಮದು ಅನ್ನುವುದಕ್ಕೆ ಆಗುವುದಿಲ್ಲ. ಡ್ರೋನ್ ವಿಡಿಯೊ ಹಾಗಲ್ಲ. ಮೇಲಿನಿಂದ ನೋಡಿದರೆ ನದಿ, ಕಾಡು, ಕೋಟೆ ಎಲ್ಲ ಊರಲ್ಲೂ ಒಂದೇ ಥರ ಕಾಣುತ್ತದೆ.

ಹೆಜ್ಜೆಗುರುತು

ಫಾರೋದವರ ಮುಂದಿನ ಕಥೆಯನ್ನೂ ಸೇರಿಸಬೇಕು. ಜನ ಬರುವುದು ಜಾಸ್ತಿಯಾಯಿತು. ಕಾಲುದಾರಿಗಳು ಸವೆದವು. 2019ರ ಏಪ್ರಿಲ್‌ನಲ್ಲಿ ಒಂದು ವಾರಾಂತ್ಯ ಅವರು ಮುಖ್ಯ ತಾಣಗಳನ್ನು ‘ದುರಸ್ತಿಗಾಗಿ ಮುಚ್ಚಲಾಗಿದೆ’ ಅಂತ ಘೋಷಿಸಿದರು. ಬೇರೆ ಬೇರೆ ದೇಶಗಳಿಂದ 100 ಸ್ವಯಂಸೇವಕರನ್ನು ಮಾತ್ರ ಕರೆಸಿಕೊಂಡರು. ಅವರು ದಾರಿಗೆ ಕಲ್ಲು ಜೋಡಿಸಿದರು, ಫಲಕ ನೆಟ್ಟರು. ಅದೇ ಪ್ರಚಾರವೂ ಆಯಿತು, ದಾರಿಯೂ ಸರಿಹೋಯಿತು.

ಹಾಗೆ ನೋಡಿಕೊಳ್ಳದ ಕಡೆ ಏನಾಗುತ್ತದೆ ನೋಡಿ. ಐಸ್‌ಲ್ಯಾಂಡಿನಲ್ಲಿ 2010ರಲ್ಲಿ ಜ್ವಾಲಾಮುಖಿ ಸಿಡಿದು ವಿಮಾನಗಳು ನಿಂತವು. ಜನ ಬರುವುದು ನಿಂತೇಹೋಗುತ್ತದೆ ಅಂತ ಹೆದರಿ ದೊಡ್ಡ ಪ್ರಚಾರ ಶುರು ಮಾಡಿದರು. ಅಲ್ಲಿಯ ಜನರೇ ತಮ್ಮ ನಾಡಿನ ಕಥೆ ಹೇಳುವ ಪ್ರಚಾರ ಅದು. ತುಂಬಾ ಚೆನ್ನಾಗಿತ್ತು. ಆ ವರ್ಷ ಬಂದವರು ಸುಮಾರು 5 ಲಕ್ಷ. 2018ರಲ್ಲಿ 23 ಲಕ್ಷ. ಆಗ ಆ ದೇಶದ ಜನಸಂಖ್ಯೆಯೇ ಸುಮಾರು 3.5 ಲಕ್ಷ. ದಕ್ಷಿಣದ ಒಂದು ಕಮರಿಯಲ್ಲಿ ಪ್ರಸಿದ್ಧ ಗಾಯಕರೊಬ್ಬರು 2015ರಲ್ಲಿ ವಿಡಿಯೊ ಮಾಡಿದ ಮೇಲೆ ಎಷ್ಟು ಜನ ಹೋದರೆಂದರೆ, ಪಾಚಿ ಕಿತ್ತು ನೆಲ ಕೆಸರಾಯಿತು. 2019ರಲ್ಲಿ ತಿಂಗಳುಗಟ್ಟಲೆ ಅದನ್ನು ಮುಚ್ಚಬೇಕಾಯಿತು. ಆ ಪಾಚಿ ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು.

ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ 800ಕ್ಕಿಂತ ಕಡಿಮೆ ಜನ ವಾಸ ಇದ್ದಾರೆ. ಸೀಸನ್ ಜೋರಾಗಿದ್ದಾಗ ಒಂದೇ ದಿನಕ್ಕೆ 10 ಸಾವಿರದವರೆಗೂ ಜನ ಬರುತ್ತಾರೆ. 2023ರಲ್ಲಿ ಸೆಲ್ಫಿ ತೆಗೆಯುವ ಜಾಗಕ್ಕೆ ಅಡ್ಡವಾಗಿ ಮರದ ಬೇಲಿ ಹಾಕಿದರು. ಆನ್‌ಲೈನಿನಲ್ಲಿ ಗದ್ದಲ ಎದ್ದಿತು, ಕೆಲವೇ ದಿನದಲ್ಲಿ ತೆಗೆದರು. ತಮ್ಮ ಊರಿನ ಚೆಲುವನ್ನು ತಾವೇ ಮರೆಮಾಡುವ ಸ್ಥಿತಿ ಬಂತಲ್ಲ ಅವರಿಗೆ. ಅದನ್ನು ನೆನೆದರೆ ಸಂಕಟವಾಗುತ್ತದೆ.

ಲಾಡ್ಜ್ ಕೀಲಿಕೈ

ಸ್ವಾಮಿ, ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಇಲ್ಲಿ ಕೇಳಿರುವುದು ಸಂಜೆಯಾದರೆ ಖಾಲಿಯಾಗುವ ಊರಿನ ಬಗ್ಗೆ. ಒಂದು ದಿನಕ್ಕೆ 10 ಸಾವಿರ ಜನ ಬರುವ ಕಾಲ ಅಲ್ಲಿಗೆ ಬಂದಿಲ್ಲ.

ಹೆಜ್ಜೆಗುರುತು

ನಿಜ. ಆದರೆ ಹಾಲ್‌ಸ್ಟಾಟ್‌ಗೂ ಆ ಕಾಲ ಒಂದೇ ದಿನದಲ್ಲಿ ಬಂದದ್ದಲ್ಲ. ದಿನಕ್ಕೆ ಎಷ್ಟು ಜನರನ್ನು ಊರು ಚೆನ್ನಾಗಿ ನೋಡಿಕೊಳ್ಳಬಲ್ಲದು ಅಂತ ಈಗಲೇ ಲೆಕ್ಕ ಹಾಕಿಡುವುದು ಸುಲಭ. ನೀರು ಎಷ್ಟಿದೆ, ವಾಹನ ನಿಲ್ಲಿಸಲು ಜಾಗ ಎಷ್ಟಿದೆ, ಶೌಚಾಲಯ ಎಷ್ಟಿವೆ, ಕಸದ ಗಾಡಿ ದಿನಕ್ಕೆ ಎಷ್ಟು ಸಲ ಬರುತ್ತದೆ. ಕ್ರೊಯೇಷಿಯಾದ ಡುಬ್ರೊವ್ನಿಕ್ ಊರಿನವರು ಹಡಗಿನ ಕಂಪನಿಗಳ ಜೊತೆ ಕೂತು ಒಂದು ಹೊತ್ತಿಗೆ ಎರಡೇ ಹಡಗು, ಒಟ್ಟು 4 ಸಾವಿರ ಪ್ರಯಾಣಿಕರು ಅಂತ ಮಿತಿ ಹಾಕಿಕೊಂಡರು. ಊರು ತುಂಬಿ ತುಳುಕಿದ ಮೇಲೆ ಹಾಕಿದ ಮಿತಿ ಅದು. ಮೊದಲೇ ಹಾಕಿದ್ದರೆ ಅಷ್ಟು ಕಷ್ಟ ಇರುತ್ತಿರಲಿಲ್ಲ.

ಮೂರನೇ ಬೀದಿ

ನಾನು ಪ್ರವಾಸಿ ತಾಣದಲ್ಲಿ ಹುಟ್ಟಿ ಬೆಳೆದವಳು. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರನ್ನು ಹೇಗೆ ತೋರಿಸಬೇಕು ಅಂತ ಊರಿನವರನ್ನು ಯಾರಾದರೂ ಕೇಳಿದ್ದೀರಾ?

ಒಂದು ದಿನ ಬೆಳಗ್ಗೆ ಅಂಗಳ ಗುಡಿಸುತ್ತಿದ್ದಾಗ ಮೂವರು ಬಂದು ನಮ್ಮ ಮನೆಯ ಬಾಗಿಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಸ್ವಲ್ಪ ಪಕ್ಕಕ್ಕೆ ಸರಿಯಿರಿ ಅಂತ ನನಗೇ ಹೇಳಿದರು. ಕೇಳಿದರೆ, ಈ ಬಾಗಿಲು ಬ್ರೋಷರಿನಲ್ಲಿದೆ ಅಂದರು. ಹೌದು, ಇತ್ತು. ನಮ್ಮನ್ನು ಒಂದು ಮಾತೂ ಕೇಳದೆ ಹಾಕಿದ್ದರು. ಕೇಳಿದ್ದರೆ ನಮ್ಮ ತಂದೆ ಖಂಡಿತ ಒಪ್ಪುತ್ತಿದ್ದರು, ಆ ಬಾಗಿಲು ಯಾರು ಕೆತ್ತಿದ್ದು ಅಂತ ಕಥೆಯನ್ನೂ ಹೇಳುತ್ತಿದ್ದರು. ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಕೇಳದೆ ಹಾಕಿದ್ದರ ಮೇಲೆ ಇದೆ.

ಸ್ವೀಡನ್ನಿನ ಪ್ರವಾಸಿ ಸಂಘದವರು 2016ರಲ್ಲಿ ಒಂದು ಫೋನ್ ನಂಬರು ಕೊಟ್ಟಿದ್ದರು. ಜಗತ್ತಿನ ಯಾವ ಮೂಲೆಯಿಂದ ಕರೆ ಮಾಡಿದರೂ ಯಾರೋ ಒಬ್ಬ ಸ್ವೀಡನ್ ಪ್ರಜೆ ಎತ್ತುತ್ತಿದ್ದರು. ಹೆಸರು ಕೊಟ್ಟ ಸಾಮಾನ್ಯ ಜನ. ಏನು ಮಾತಾಡಬೇಕು ಅಂತ ಯಾರೂ ಬರೆದುಕೊಟ್ಟಿರಲಿಲ್ಲ. ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಕರೆ ಬಂದವು. ಜನರ ಮೇಲೆ ಅಷ್ಟು ನಂಬಿಕೆ ಇಟ್ಟರಲ್ಲ, ಅದು ನನಗೆ ಇಷ್ಟವಾಯಿತು. ನ್ಯೂಯಾರ್ಕಿನಲ್ಲೂ 1992ರಲ್ಲಿ ಊರಿನವರೇ ಬಂದವರನ್ನು ತಮ್ಮ ಬಡಾವಣೆಯಲ್ಲಿ ಸುಮ್ನೆ ಸುತ್ತಾಡಿಸುವ ಕೆಲಸ ಶುರುವಾಯಿತು. ದುಡ್ಡಿಲ್ಲ, ಟಿಪ್ಸ್ ಇಲ್ಲ. ಅದು ಆಮೇಲೆ ಎಷ್ಟೋ ದೇಶಗಳಿಗೆ ಹರಡಿತು. ಇಂಥದ್ದಕ್ಕೆ ಡ್ರೋನ್ ಬೇಡ, ನಾಲ್ಕು ಮನೆ ಬಾಗಿಲು ತಟ್ಟಬೇಕು ಅಷ್ಟೇ.

ಪ್ರಚಾರದ ಮೇಜು

ಮೇಡಂ, ಬೇಜಾರು ಯಾಕೆ? ನೀವು ಕೇಳಿದ್ದು ನ್ಯಾಯ. ನಾವು ಊರಿನವರನ್ನು ಕೇಳಿಲ್ಲ. ಮಂಡಳಿಯಲ್ಲಿ ಹೋಟೆಲಿನವರು, ವಾಹನದವರು ಇದ್ದಾರೆ. ಸುಮ್ನೆ ಅಲ್ಲಿ ವಾಸ ಮಾಡುವವರು ಒಬ್ಬರೂ ಇಲ್ಲ.

ಲೆಕ್ಕದ ಪುಸ್ತಕ

ಅಂಕಿ ಲೆಕ್ಕ ನನ್ನ ವಿಷಯ, ಹಾಗಾಗಿ ಅಷ್ಟು ಮಾತ್ರ ಹೇಳುತ್ತೇನೆ. ಬಹಳ ಮಂಡಳಿಗಳು ವರ್ಷದ ವರದಿಯಲ್ಲಿ ‘ಇಷ್ಟು ಜನ ಬಂದರು’ ಅಂತ ಬರೆದು ಮುಗಿಸುತ್ತವೆ. ಎಷ್ಟು ರಾತ್ರಿ ಉಳಿದರು ಅನ್ನುವುದು ಅದಕ್ಕಿಂತ ಮುಖ್ಯ. ಬೆಳಗ್ಗೆ ಬಂದು ಸಂಜೆ ಹೋಗುವವರು ರಸ್ತೆ, ನೀರು, ಕಸದ ಬುಟ್ಟಿ ಎಲ್ಲ ಬಳಸುತ್ತಾರೆ, ಖರ್ಚು ಮಾಡುವುದು ಕಡಿಮೆ. ಒಂದು ರಾತ್ರಿ ಉಳಿದವರು ಎರಡು ದಿನ ಊರಿನಲ್ಲಿ ಓಡಾಡುತ್ತಾರೆ.

ವೆನಿಸ್ ನಗರ 2024ರ ಏಪ್ರಿಲ್ 25ರಿಂದ ಜನ ಜಾಸ್ತಿ ಇರುವ ಕೆಲವು ದಿನಗಳಲ್ಲಿ, ಹಗಲು ಮಾತ್ರ ಬಂದು ಹೋಗುವವರಿಂದ 5 ಯೂರೊ ಪ್ರವೇಶ ಶುಲ್ಕ ವಸೂಲಿ ಶುರು ಮಾಡಿತು. ರಾತ್ರಿ ಉಳಿಯುವವರಿಗೆ ಆ ಶುಲ್ಕ ಇಲ್ಲ. ಆ ಹಳೆಯ ನಗರದಲ್ಲಿ ಈಗ ವಾಸ ಇರುವವರು 50 ಸಾವಿರಕ್ಕಿಂತ ಕಡಿಮೆ. ಶುಲ್ಕದಿಂದ ಜನಸಂದಣಿ ಕಡಿಮೆಯಾಗುತ್ತದಾ ಅನ್ನುವ ವಾದ ಅಲ್ಲಿ ಇನ್ನೂ ನಡೆಯುತ್ತಿದೆ. ಆದರೆ ಯಾವ ಥರದ ಪ್ರವಾಸಿ ಊರಿಗೆ ಬೇಕು ಅಂತ ಅವರು ಬಾಯಿಬಿಟ್ಟು ಹೇಳಿದರು.

ನೀವು ಮಾಡಬಹುದಾದ್ದು: ಹತ್ತು ಲಾಡ್ಜ್‌ಗಳಿಂದ ವಾರಕ್ಕೊಮ್ಮೆ ತುಂಬಿದ ಕೋಣೆಗಳ ಸಂಖ್ಯೆ ತೆಗೆದುಕೊಳ್ಳಿ. ಹೆಸರು ಬೇಡ, ಸಂಖ್ಯೆ ಸಾಕು. ಬಂದವರಿಗೆ ಎರಡೇ ಪ್ರಶ್ನೆ ಕೇಳಿ. ಈ ಊರಿನ ಬಗ್ಗೆ ಎಲ್ಲಿ ಕೇಳಿದಿರಿ? ಇವತ್ತು ರಾತ್ರಿ ಯಾಕೆ ಉಳಿಯುತ್ತಿಲ್ಲ? ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಿಮ್ಮ ಇಡೀ ಸಮಸ್ಯೆ ಇರುವುದು ಅದರಲ್ಲೇ.

ಗೈಡ್ ಅಕ್ಕ

ಲೆಕ್ಕದ ಪುಸ್ತಕದವರೇ, ಎರಡನೇ ಪ್ರಶ್ನೆಗೆ ನಾನು ಕೇಳಿರುವ ಉತ್ತರ ಯಾವಾಗಲೂ ಒಂದೇ. ‘ಐದು ಗಂಟೆಗೆ ಎಲ್ಲ ಮುಚ್ಚಿತು, ಆಮೇಲೆ ಏನು ಮಾಡೋದು?’

ಹಳೇ ಪುಟ

ಅಕ್ಕ ಹೇಳಿದ್ದಕ್ಕೆ ನನ್ನದೊಂದು ಮಾತು. ಸಂಜೆ ಉಳಿಯಲು ಒಂದು ಕಾರಣ ಇರಬೇಕು. ಆ ಕಾರಣವನ್ನು ಊರೇ ಹುಟ್ಟಿಸಬಹುದು, ಕೋಟೆ ಕೊತ್ತಲ ಇರಲೇಬೇಕು ಅಂತಿಲ್ಲ.

ಬ್ರಿಟನ್ನಿನ ಹೇ-ಆನ್-ವೈ ಎರಡು ಸಾವಿರ ಜನರೂ ಇಲ್ಲದ ಊರು. ರಿಚರ್ಡ್ ಬೂತ್ ಅನ್ನುವವರು 1960ರ ದಶಕದ ಆರಂಭದಲ್ಲಿ ಅಲ್ಲಿ ಹಳೆಯ ಪುಸ್ತಕದ ಅಂಗಡಿ ತೆರೆದರು. ಆಮೇಲೆ ಒಂದೊಂದೇ ಅಂಗಡಿ ಸೇರುತ್ತಾ ಊರಿಗೆ ಊರೇ ಪುಸ್ತಕದ ಪೇಟೆಯಾಯಿತು. 1977ರ ಏಪ್ರಿಲ್ 1ರಂದು ಅವರು ಊರನ್ನು ಸ್ವತಂತ್ರ ರಾಜ್ಯ ಅಂತ ಸಾರಿ ತಾವೇ ರಾಜನಾದರು. ಸುದ್ದಿಯವರು ಓಡಿ ಬಂದರು. ಸುದ್ದಿ ನೋಡಿ ಬಂದವರಿಗೆ ಊರಿನಲ್ಲಿ ನಿಜವಾಗಿಯೂ ಬೀದಿ ತುಂಬ ಪುಸ್ತಕ ಇದ್ದವು. ಅದಕ್ಕೇ ಅದು ಉಳಿಯಿತು. 1988ರಿಂದ ಪ್ರತಿ ವರ್ಷ ಸಾಹಿತ್ಯ ಉತ್ಸವ ನಡೆಯುತ್ತಿದೆ. ಇವತ್ತು ಎಷ್ಟೋ ದೇಶಗಳಲ್ಲಿ ಅದನ್ನು ನೋಡಿ ಪುಸ್ತಕದ ಊರುಗಳು ಹುಟ್ಟಿವೆ.

ನನಗೆ ಕಾಣುವುದು ಇಷ್ಟು: ಬೂತ್ ಅವರು ಮೊದಲು ಅಂಗಡಿ ಇಟ್ಟರು, ಕಿರೀಟ ಇಟ್ಟುಕೊಂಡದ್ದು ಹದಿನೈದು ವರ್ಷದ ಮೇಲೆ.

ಗೆರೆ ಬಣ್ಣ

ಹಳೇ ಪುಟ ಅವರ ಕೊನೆಯ ಸಾಲನ್ನು ನಾನು ಬರೆದಿಟ್ಟುಕೊಂಡೆ. ಸ್ಪೇನಿನ ಬಿಲ್ಬಾವೊ ವಿಷಯದಲ್ಲೂ ಹೀಗೇ ಆಗಿದೆ. 1997ರಲ್ಲಿ ಅಲ್ಲಿ ಗುಗನ್‌ಹೈಮ್ ವಸ್ತುಸಂಗ್ರಹಾಲಯ ತೆರೆಯಿತು. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ ಆ ಕಟ್ಟಡದಿಂದ ಊರಿನ ಹಣೆಬರಹ ಬದಲಾಯಿತು ಅನ್ನುತ್ತಾರೆ. ಆದರೆ 1995ರಲ್ಲೇ ಅಲ್ಲಿ ಮೆಟ್ರೊ ಶುರುವಾಗಿತ್ತು. ಕೊಳೆತು ನಾರುತ್ತಿದ್ದ ನದಿಯನ್ನು ಎಷ್ಟೋ ವರ್ಷದಿಂದ ಶುಚಿ ಮಾಡುತ್ತಿದ್ದರು. ನಕಲು ಮಾಡಲು ಹೊರಟ ಊರುಗಳು ಕಟ್ಟಡ ನೋಡಿದವು, ನದಿ ನೋಡಲಿಲ್ಲ.

ಚಾರಣದ ಬೂಟು

ಒಂದು ಸಣ್ಣ ವಿಷಯ, ಆದರೆ ಮರೆಯಬೇಡಿ. ಕಾಡಿನ ಒಳಗಿನ ಜಲಪಾತ, ಕೆರೆ ಇಂಥ ಜಾಗಗಳ ಸರಿಯಾದ ಲೊಕೇಶನ್ ಹಾಕಿ ರೀಲ್ಸ್ ಮಾಡಿಸಬೇಡಿ. ಅಮೆರಿಕದ ಜಾಕ್ಸನ್ ಹೋಲ್ ಪ್ರವಾಸೋದ್ಯಮ ಮಂಡಳಿ 2018ರಲ್ಲಿ ಬಂದವರನ್ನೇ ಕೇಳಿಕೊಂಡಿತು: ಫೋಟೊ ಹಾಕಿ, ಆದರೆ ನಿಖರ ಜಾಗದ ಬದಲು ಪ್ರದೇಶದ ಹೆಸರು ಮಾತ್ರ ಹಾಕಿ ಅಂತ. ಡೆಲ್ಟಾ ಲೇಕ್ ಅನ್ನುವ ಒಂದು ಕೆರೆಗೆ ಮೊದಲು ದಿನಕ್ಕೆ ಒಬ್ಬಿಬ್ಬರು ಚಾರಣಿಗರು ಹೋಗುತ್ತಿದ್ದರು. ಲೊಕೇಶನ್ ಹರಡಿದ ಮೇಲೆ ಆ ಕಡಿದಾದ ದಾರಿಯಲ್ಲಿ ಸಾಲು ಸಾಲು ಜನ. ಪ್ರಚಾರ ಮಾಡುವ ಮಂಡಳಿಯೇ ಹೀಗೆ ಕೇಳಿಕೊಂಡದ್ದು ದೊಡ್ಡ ವಿಷಯ.

ಪಲಾವು ದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2017ರ ಡಿಸೆಂಬರಿನಿಂದ ಅಲ್ಲಿಗೆ ಹೋದವರ ಪಾಸ್‌ಪೋರ್ಟಿನಲ್ಲಿ ಒಂದು ಪ್ರತಿಜ್ಞೆಯ ಮುದ್ರೆ ಒತ್ತುತ್ತಾರೆ. ಅದಕ್ಕೆ ಸಹಿ ಮಾಡಿಯೇ ಒಳಗೆ ಹೋಗಬೇಕು. ಪಲಾವು ಮಕ್ಕಳಿಗೆ ಕೊಡುವ ಮಾತು ಅದು, ನಿಮ್ಮ ದ್ವೀಪಕ್ಕೆ ಹಾನಿ ಮಾಡುವುದಿಲ್ಲ ಅಂತ.

ಲಾಡ್ಜ್ ಕೀಲಿಕೈ

ಹೆಜ್ಜೆಗುರುತು ಅವರಿಗೆ: ನಿನ್ನೆ ನೀವು ಬರೆದದ್ದನ್ನು ಯೋಚಿಸುತ್ತಾ ನನ್ನ ಹಳೇ ರಿಜಿಸ್ಟರ್ ತೆಗೆದು ಕೂತೆ. ವರ್ಷದಲ್ಲಿ ಸುಮಾರು ನಲವತ್ತು ದಿನ ನಾನು ಜನರನ್ನು ವಾಪಸ್ ಕಳಿಸಿದ್ದೇನೆ. ಇನ್ನೂರು ದಿನ ಅರ್ಧಕ್ಕಿಂತ ಜಾಸ್ತಿ ಕೋಣೆ ಖಾಲಿ. ಮಂಡಳಿಯ ಪ್ರಚಾರ ಬರುವುದು ಯಾವಾಗ ಗೊತ್ತಾ? ಆ ನಲವತ್ತು ದಿನಕ್ಕೆ ಮೊದಲೇ! ಸೀಸನ್ ಹತ್ತಿರ ಬಂತು ಅಂತ ಬೋರ್ಡ್ ಹಾಕುತ್ತಾರೆ, ವಿಡಿಯೊ ಬಿಡುತ್ತಾರೆ. ಖಾಲಿ ಇರುವ ಇನ್ನೂರು ದಿನಕ್ಕೆ ಯಾರೂ ಒಂದು ಪೋಸ್ಟ್ ಹಾಕುವುದಿಲ್ಲ. ಇಷ್ಟು ವರ್ಷ ನಾನೂ ಇದನ್ನು ಗಮನಿಸಿರಲಿಲ್ಲ. ಪ್ರಚಾರ ಬೇಕು ಅನ್ನುವ ಮಾತನ್ನು ನಾನು ಬಿಡುವುದಿಲ್ಲ, ಆದರೆ ತಿಂಗಳು ಬದಲಿಸಿ.

ಹೆಜ್ಜೆಗುರುತು

ಸರ್, ನಾನು ಹತ್ತು ಸಾಲಿನಲ್ಲಿ ಹೇಳಲು ಒದ್ದಾಡಿದ್ದನ್ನು ನಿಮ್ಮ ರಿಜಿಸ್ಟರ್ ಹೇಳಿತು. ಧನ್ಯವಾದ.

ಪ್ರಚಾರದ ಮೇಜು

ಎಲ್ಲರಿಗೂ ತುಂಬಾ ಧನ್ಯವಾದ. ಸಭೆ ನಿನ್ನೆ ಮುಗಿಯಿತು. ಅದಕ್ಕೆ ಮೊದಲು ಮಾಡಿದ ಒಂದು ಕೆಲಸ ಹೇಳುತ್ತೇನೆ.

ಕಳೆದ ಶನಿವಾರ ನಾನೂ ಹಿರಿಯ ಸದಸ್ಯರೂ ಹೊಸಬರ ಹಾಗೆ ಊರಿಗೆ ಬಂದೆವು. ಮಧ್ಯಾಹ್ನದ ಬಸ್ಸಿನಲ್ಲಿ ಇಳಿದು, ಫೋನ್ ಒಂದನ್ನೇ ನಂಬಿಕೊಂಡು ನಡೆದೆವು. ಯಾರನ್ನೂ ದಾರಿ ಕೇಳಬಾರದು ಅಂತ ಮಾತು. ಬಸ್ ನಿಲ್ದಾಣದಲ್ಲಿ ಊರಿನ ನಕ್ಷೆ ಇದೆ. ಅದರ ಮುಂದೆ ಯಾರೋ ಬೈಕ್ ನಿಲ್ಲಿಸಿದ್ದರು, ಕಾಣಲಿಲ್ಲ. ಮೊದಲ ತಿರುವಿನ ಫಲಕ ಮರದ ಕೊಂಬೆಯ ಹಿಂದೆ ಮುಚ್ಚಿಹೋಗಿದೆ. ಮ್ಯಾಪ್ ನಮ್ಮನ್ನು ಕೋಟೆಯ ಹಿಂದಿನ ಗೋಡೆಗೆ ತಂದು ನಿಲ್ಲಿಸಿತು, ಅಲ್ಲಿ ಬಾಗಿಲೇ ಇಲ್ಲ. ಸದಸ್ಯರಿಗೆ ಅರವತ್ತೆಂಟು ವರ್ಷ. ಬಿಸಿಲಿನಲ್ಲಿ ಗೋಡೆಗೆ ಒರಗಿ ನಿಂತರು. ‘ನಾನು ಇಲ್ಲೇ ಹುಟ್ಟಿದವನು, ನನಗೇ ದಾರಿ ಸಿಗಲಿಲ್ಲವಲ್ಲಪ್ಪ’ ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಂಜೆ ಐದಕ್ಕೆ ಎಲ್ಲ ಮುಚ್ಚಿದ ಮೇಲೆ ಕೆರೆಯ ಮೆಟ್ಟಿಲ ಮೇಲೆ ಕೂತೆವು. ಬೆಳಕು ತುಂಬಾ ಚೆನ್ನಾಗಿತ್ತು. ಹಕ್ಕಿಗಳು ಗುಂಪು ಗುಂಪಾಗಿ ಬಂದು ನಡುಗಡ್ಡೆಯ ಮರಗಳಲ್ಲಿ ಇಳಿಯುತ್ತಿದ್ದವು. ಪ್ರವಾಸಿಗರು ಒಬ್ಬರೂ ಇರಲಿಲ್ಲ, ಅವರ ಬಸ್ಸುಗಳು ಆಗಲೇ ಹೊರಟಿದ್ದವು. ಈ ಹೊತ್ತು ನಮ್ಮ ಬ್ರೋಷರಿನಲ್ಲಿ ಎಲ್ಲೂ ಇಲ್ಲ.

ಸಭೆಯಲ್ಲಿ ಆದದ್ದು ಇದು. ಲೋಗೊ, ವಿಡಿಯೊ ಒಂದು ವರ್ಷ ಮುಂದಕ್ಕೆ ಹೋಗಿವೆ. ಆ ಮಾತನ್ನು ಎತ್ತಿದವರು ಹಿರಿಯ ಸದಸ್ಯರೇ. ಈ ವರ್ಷದ ಹಣ ಫಲಕ, ನಕ್ಷೆ, ಎರಡು ಶೌಚಾಲಯಕ್ಕೆ. ಮ್ಯಾಪಿನಲ್ಲಿ ಬಾಗಿಲಿನ ಜಾಗ ಸರಿಮಾಡಲು ನಾನೇ ವಿವರ ಕಳಿಸಿದ್ದೇನೆ. ಪ್ರತಿ ತಿಂಗಳ ಮೊದಲ ಸೋಮವಾರ ಹದಿನೆಂಟು ಜಾಗಗಳಿಗೂ ಫೋನ್ ಮಾಡಿ ಸಮಯ ಖಚಿತ ಮಾಡಿಕೊಳ್ಳುವ ಕೆಲಸ ನನ್ನದು. ಊರಿನಲ್ಲಿ ಸುಮ್ನೆ ವಾಸ ಮಾಡುವ ಇಬ್ಬರನ್ನು ಮಂಡಳಿಗೆ ಸೇರಿಸಲು ಒಪ್ಪಿಗೆ ಸಿಕ್ಕಿದೆ. ಅವರಲ್ಲಿ ಒಬ್ಬರು ಕೆರೆಯ ಪಕ್ಕದ ಮನೆಯವರು.

ಕೀಲಿಕೈ ಸರ್ ಹೇಳಿದ ತಿಂಗಳ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆಫ್ ಸೀಸನ್‌ನಲ್ಲಿ ಸಂಜೆಯ ಕೆರೆ ನಡಿಗೆ ಇಡೋಣ ಅಂತ ಯೋಚನೆ ಇದೆ. ಒಂದು ಸಲಕ್ಕೆ ಹನ್ನೆರಡು ಜನ, ಊರಿನವರೇ ಕರೆದುಕೊಂಡು ಹೋಗುವುದು. ಹಕ್ಕಿಗಳಿಗೆ ತೊಂದರೆಯಾಗದ ಹಾಗೆ ಎಲ್ಲಿಯವರೆಗೆ ಹೋಗಬಹುದು ಅಂತ ಗೊತ್ತಿರುವವರು ಇದ್ದರೆ ದಯವಿಟ್ಟು ಬರೆಯಿರಿ.

ಚಾರಣದ ಬೂಟು

ಗೂಡು ಕಟ್ಟುವ ಕಾಲದಲ್ಲಿ ನಡುಗಡ್ಡೆಯ ಕಡೆಯ ದಂಡೆಗೆ ಹೋಗುವುದೇ ಬೇಡ, ಎದುರು ದಂಡೆಯಿಂದ ದುರ್ಬೀನಿನಲ್ಲಿ ನೋಡಲಿ. ಟಾರ್ಚ್, ಫ್ಲ್ಯಾಶ್ ಎರಡೂ ಬೇಡ. ಬಿಳಿ ಬಟ್ಟೆ ಹಾಕಬೇಡಿ ಅಂತ ಮೊದಲೇ ಹೇಳಿ. ಕತ್ತಲಾಗುವ ಹತ್ತು ನಿಮಿಷ ಮೊದಲು ಎಲ್ಲರನ್ನೂ ಮೆಟ್ಟಿಲ ಹತ್ತಿರ ವಾಪಸ್ ಕರೆದುಕೊಂಡು ಬನ್ನಿ. ದುರ್ಬೀನು ನನ್ನ ಹತ್ತಿರ ಎರಡು ಇವೆ, ವಿಳಾಸ ಕೊಟ್ಟರೆ ಒಂದು ಕಳಿಸುತ್ತೇನೆ.